ಬೀಳಗಿಯಿಂದ ಹೊರಟ ದನಿ: ಅಮೀರ್‌ಬಾಯಿ ಕರ್ನಾಟಕಿ

ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಒಂದು ಹಿಂದಿ ಚಲನಚಿತ್ರ 187 ವಾರ, ಅಂದರೆ ಮೂರೂವರೆ ವರ್ಷಕ್ಕೂ ಮಿಗಿಲಾದ ಕಾಲ, ಒಂದೇ ತೆರೆಯ ಮೇಲೆ ನಡೆಯಿತು. 1943ರಲ್ಲಿ ಬಿಡುಗಡೆಯಾದ, ಬಾಂಬೆ ಟಾಕೀಸ್ ಸಂಸ್ಥೆಯ ಆ ಚಿತ್ರದ ಹೆಸರು ‘ಕಿಸ್ಮತ್’. 1975ರಲ್ಲಿ ತೆರೆಕಂಡ ‘ಶೋಲೆ’ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿದ ಮೇಲೆಯೇ ಈ ದಾಖಲೆ ಹಿಂದೆ ಬಿದ್ದದ್ದು. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ಗ್ಯಾನ್ ಮುಖರ್ಜಿ ನಿರ್ದೇಶಕ, ಅನಿಲ್ ಬಿಸ್ವಾಸ್ ಸಂಗೀತ ನಿರ್ದೇಶಕ, ಪ್ರದೀಪ್ ಕವಿ. ಚಿತ್ರರಂಗದ ಚರಿತ್ರೆಯನ್ನು ಬರೆದವರು ಈ ಐದು ಹೆಸರುಗಳನ್ನು ತಪ್ಪದೆ ಹೇಳುತ್ತಾರೆ. ಆರನೆಯ ಹೆಸರಿಗೆ ಬರುವಷ್ಟರಲ್ಲಿ ಅನೇಕರ ಲೇಖನಿ ಆಯಾಸಗೊಂಡಿರುತ್ತದೆ. ನಾಯಕಿಯ ತುಟಿಗಳಿಗೆ ದನಿಯನ್ನು ಕೊಟ್ಟ ಆ ಆರನೆಯವರು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಹೆಣ್ಣುಮಗಳು, ಅಮೀರ್‌ಬಾಯಿ ಕರ್ನಾಟಕಿ.

ಹೆಸರಿನ ಕೊನೆಯಲ್ಲಿರುವ ಕರ್ನಾಟಕಿ ಎಂಬುದು ಮನೆತನದ ಹೆಸರಲ್ಲ. ಮುಂಬಯಿಯ ಸಂಗೀತ ಲೋಕದಲ್ಲಿ ಹೊರಗಿನಿಂದ ಬಂದವರನ್ನು ಅವರವರ ಸೀಮೆಯಿಂದ ಗುರುತಿಸುವ ಪದ್ಧತಿಯಿತ್ತು. ಅಂಬಾಲೆಯಿಂದ ಬಂದ ಜೊಹರಾಬಾಯಿ ಅಂಬಾಲೆವಾಲಿ ಎನಿಸಿದರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಎನಿಸಿದರು. ಕರ್ನಾಟಕವೆಂಬ ಹೆಸರಿನ ರಾಜ್ಯ ಭೂಪಟದ ಮೇಲೆ ಮೂಡಿದ್ದು 1973ರಲ್ಲಿ. ಅದಕ್ಕೆ ಮೂರು ದಶಕಗಳ ಮೊದಲೇ ಈ ನಾಡಿನ ಹೆಸರು ಗ್ರಾಮಾಫೋನ್ ತಟ್ಟೆಗಳ ಮೇಲೆ ಅಚ್ಚಾಗಿ ಉತ್ತರ ಭಾರತದ ಮನೆಮನೆಗಳನ್ನು ತಲುಪಿತ್ತು. ಏಕೀಕರಣದ ಹೋರಾಟವನ್ನು ನೆನೆಯುವ ನಮ್ಮ ಸಮಾರಂಭಗಳಲ್ಲಿ ಈ ಸಂಗತಿಯನ್ನು ಯಾರಾದರೂ ಪ್ರಸ್ತಾಪಿಸಿದ್ದನ್ನು ಈ ಲೇಖಕ ಕೇಳಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೀಳಗಿಯು ವಿಜಾಪುರ ಜಿಲ್ಲೆಯ ಒಂದು ಸಣ್ಣ ಊರು, ಮುಂಬಯಿ ಪ್ರಾಂತ್ಯದ ಭಾಗ. ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳ ಜನರಿಗೆ ಆಗ ರಾಜಧಾನಿ ಎಂದರೆ ಮುಂಬಯಿ. ಬೆಂಗಳೂರು ಬೇರೊಂದು ಸಂಸ್ಥಾನದ ಊರು. ಕೋರ್ಟಿನ ಮೇಲ್ಮನವಿಯಿಂದ ಹಿಡಿದು ಗಿರಣಿಯ ಕೂಲಿಯವರೆಗೆ ಎಲ್ಲ ದಾರಿಗಳೂ ಅತ್ತಲೇ ಸಾಗುತ್ತಿದ್ದವು. ಇಂದಿನ ಗದಗ ಜಿಲ್ಲೆಯ ಸ್ಥಿತಿ ಇನ್ನೂ ಗೋಜಲಿನದು. ಗದಗ ಬ್ರಿಟಿಷರ ಆಳ್ವಿಕೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಆಡುವ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಂಗೀತಕ್ಕೆ ಮಾತ್ರ ಈ ಗಡಿಗಳು ಅಡ್ಡಬರಲಿಲ್ಲ. ಮಿರಜ, ಸಾಂಗಲಿ, ಕುಂದಗೋಳ, ಗದಗ, ಹುಬ್ಬಳ್ಳಿಗಳ ನಡುವೆ ಗಾಯಕರೂ ನಟರೂ ನಿರಂತರವಾಗಿ ಓಡಾಡುತ್ತಿದ್ದರು.

ಈ ಸೀಮೆಯಲ್ಲಿ ಹಾಡು ಜನರ ಬಳಿಗೆ ಬರುತ್ತಿದ್ದುದು ಎರಡು ಹಾದಿಗಳಿಂದ. ಒಂದು, ನಾಟಕ ಕಂಪನಿ. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಿತ್ತು. ಶಿರಹಟ್ಟಿ ವೆಂಕೋಬರಾಯರ ಕಂಪನಿಯಿತ್ತು. ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯಲ್ಲಿ ಬಾಲಕ ಮಲ್ಲಿಕಾರ್ಜುನ ಮನ್ಸೂರರು ಬಣ್ಣ ಹಚ್ಚಿದ್ದರು. ಯಳವತ್ತಿಯಂಥ ಹಳ್ಳಿಗಳ ರೈತರಿಗೆ ಸಂಗೀತ ಕಛೇರಿ ಎಂಬುದು ದೂರದ ಮಾತು. ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿ, ರಾತ್ರಿಯಿಡೀ ಕುಳಿತು ನೋಡಿದ ನಾಟಕದ ಹಾಡೇ ಅವರ ಪಾಲಿನ ಸಂಗೀತ. ಇನ್ನೊಂದು ಹಾದಿ ಗ್ರಾಮಾಫೋನ್. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಹಾಡುವ, ಅರಗಿನಿಂದ ಮಾಡಿದ ಆ ಕರಿಯ ತಟ್ಟೆಗೆ ಎಂಥ ಶಕ್ತಿಯಿತ್ತೆಂಬುದಕ್ಕೆ ಗದಗಿನಲ್ಲಿಯೇ ಸಾಕ್ಷಿಯಿದೆ. ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿದ ಹುಡುಗನೊಬ್ಬ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟು ರೈಲು ಹತ್ತಿದ. ಆತನೇ ಮುಂದೆ ಭೀಮಸೇನ ಜೋಶಿ ಎಂದು ಲೋಕವಿಖ್ಯಾತನಾದದ್ದು.

ಅಮೀರ್‌ಬಾಯಿಯವರದು ರಂಗಭೂಮಿಯೊಡನೆ ನಂಟಿದ್ದ ಮುಸ್ಲಿಂ ಕುಟುಂಬ. ಮನೆಯ ಮಾತು ಕನ್ನಡ. ಹಲವು ಸೋದರಿಯರ ನಡುವೆ ಹೆಸರು ಗಳಿಸಿದವರು ಇಬ್ಬರು: ಅಕ್ಕ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಮುಂಬಯಿಯ ದಾರಿಯನ್ನು ಮೊದಲು ತುಳಿದವರು ಅಕ್ಕ. ಹದಿಹರೆಯದ ತಂಗಿ ಆಕೆಯ ಹಿಂದೆ ಹೋದರು. ಇಲ್ಲಿ ಒಂದು ಗೊಂದಲವನ್ನು ಬಿಡಿಸುವುದು ಅಗತ್ಯ. 1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣಗೊಂಡು, ಕೊನೆಗೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಬೇರೆ. ರಂಜಿತ್ ಸಂಸ್ಥೆಯ ಒಡತಿಯಾಗಿ ಮೆರೆದ ನಟಿ ಮಿಸ್ ಗೋಹರ್ ಬೇರೆ. ಬೀಳಗಿಯ ಗೋಹರ್ ಇವರಿಬ್ಬರೂ ಅಲ್ಲ. ಅನೇಕ ಬರಹಗಳಲ್ಲಿ ಮೂವರನ್ನೂ ಬೆರೆಸಿ ಒಂದೇ ಅಡಿಗೆ ಮಾಡಿರುವುದುಂಟು.

ಅಕ್ಕನ ನೆರವಿನಿಂದ ಅಮೀರ್‌ಬಾಯಿಯವರಿಗೆ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದೂ ಅದೇ ವರ್ಷ. ಆದರೆ ಅನಂತರದ ಹಲವು ವರ್ಷಗಳ ಕಾಲ ಕನ್ನಡ ಚಿತ್ರಗಳ ಸಂಖ್ಯೆ ಬೆರಳೆಣಿಕೆಯಷ್ಟೇ ಇತ್ತು. ಆದ್ದರಿಂದ ಆಕೆ ಕನ್ನಡವನ್ನು ತೊರೆದು ಹಿಂದಿಗೆ ಹೋದರೆಂದು ಆಕ್ಷೇಪಿಸುವುದು ಅನ್ಯಾಯ. ಹಾಡುವವರಿಗೆ ಹೊಟ್ಟೆಪಾಡು ಒದಗಿಸುವಷ್ಟು ದೊಡ್ಡ ಉದ್ಯಮವೇ ಇಲ್ಲಿ ಇರಲಿಲ್ಲ. ಮುಂಬಯಿಯಲ್ಲಾದರೂ ಮೊದಲ ಐದಾರು ವರ್ಷ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಸಣ್ಣಪುಟ್ಟ ಪಾತ್ರ, ಆ ಪಾತ್ರಕ್ಕೊಂದು ಹಾಡು, ಮತ್ತೆ ಕಾಯುವಿಕೆ.

ಅವರ ಭಾಗ್ಯಕ್ಕೆ, ಚಿತ್ರ ತಯಾರಿಕೆಯ ವಿಧಾನವೇ ಆ ವರ್ಷಗಳಲ್ಲಿ ಬದಲಾಗುತ್ತಿತ್ತು. ನಟಿಸುವವರೇ ಹಾಡಬೇಕೆಂಬ ಕಟ್ಟು 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ ಸಡಿಲವಾಯಿತು. ಒಬ್ಬರು ಹಾಡಿ ಮತ್ತೊಬ್ಬರು ತುಟಿಯಾಡಿಸುವ ಹಿನ್ನೆಲೆ ಗಾಯನ ಮೆಲ್ಲಮೆಲ್ಲನೆ ಎಲ್ಲೆಡೆ ಹರಡಿತು. ರೂಪಕ್ಕಿಂತ ಕಂಠವೇ ಬಂಡವಾಳವಾಗಿದ್ದವರಿಗೆ ಇದು ಹೊಸ ಬಾಗಿಲು. 1940ರಲ್ಲಿ ವಿಜಯ್ ಭಟ್ಟರ ‘ನರಸಿ ಭಗತ್’ ಚಿತ್ರಕ್ಕೆ, ಶಂಕರರಾವ್ ವ್ಯಾಸರ ಸಂಗೀತದಲ್ಲಿ ಅವರು ಹಾಡಿದರು. ನರಸಿಂಹ ಮೆಹತಾನ ‘ವೈಷ್ಣವ ಜನತೋ’ ಭಜನೆ ಅಮೀರ್‌ಬಾಯಿಯವರ ಕಂಠದಲ್ಲಿ ಗಾಂಧೀಜಿಯವರಿಗೆ ಪ್ರಿಯವಾಗಿತ್ತೆಂಬ ಮಾತು ಅಂದಿನಿಂದಲೂ ಪ್ರಚಲಿತವಾಗಿದೆ. ಬೀಳಗಿಯ ಮುಸ್ಲಿಂ ಮಹಿಳೆಯೊಬ್ಬರು ಗುಜರಾತಿನ ವೈಷ್ಣವ ಸಂತನ ಪದವನ್ನು ಹಾಡಿದ್ದನ್ನು ಆ ಕಾಲದಲ್ಲಿ ಯಾರೂ ವಿಶೇಷವೆಂದು ಎಣಿಸಿದಂತೆ ತೋರುವುದಿಲ್ಲ.

ಒಂದು ಹಾಡು, ಒಂದು ಯುದ್ಧ

‘ಕಿಸ್ಮತ್’ ಬಂದದ್ದು ದೇಶ ಕುದಿಯುತ್ತಿದ್ದ ಹೊತ್ತಿನಲ್ಲಿ. 1942ರ ಆಗಸ್ಟ್ 9ರಂದು ಗಾಂಧೀಜಿ ಮೊದಲಾದ ನಾಯಕರ ಬಂಧನವಾಗಿತ್ತು. ಚಲೇಜಾವ್ ಚಳವಳಿ ಹಳ್ಳಿಗಳಿಗೆ ಹಬ್ಬಿತ್ತು. 1943ರ ಮಾರ್ಚಿಯಲ್ಲಿ ಈಸೂರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಏಪ್ರಿಲ್ 1ರಂದು, ಲಕ್ಷ್ಮೇಶ್ವರಕ್ಕೆ ಹೆಚ್ಚು ದೂರವಲ್ಲದ ಹೊಸರಿತ್ತಿಯಲ್ಲಿ, ದಂಡಿ ಯಾತ್ರೆಯಲ್ಲಿ ನಡೆದಿದ್ದ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಇತ್ತ ಪತ್ರಿಕೆಗಳ ಮೇಲೆ ನಿರ್ಬಂಧ, ಅತ್ತ ಚಿತ್ರಗಳ ಮೇಲೆ ಸೆನ್ಸಾರಿನ ಕತ್ತರಿ. ಸ್ವಾತಂತ್ರ್ಯವೆಂಬ ಶಬ್ದವನ್ನು ತೆರೆಯ ಮೇಲೆ ಉಚ್ಚರಿಸುವುದೇ ಅಪಾಯವೆನಿಸಿದ್ದ ಕಾಲವದು.

ಚಿತ್ರದ ಕಥೆಗೂ ರಾಜಕೀಯಕ್ಕೂ ಸಂಬಂಧವಿಲ್ಲ. ನಾಯಕ ಜೇಬುಗಳ್ಳ, ನಾಯಕಿ ಕಾಲು ಊನಗೊಂಡ ರಂಗಕಲಾವಿದೆ. ಆ ರಂಗದ ನೆಪವನ್ನೇ ಹಿಡಿದು ಪ್ರದೀಪರು ‘ದೂರ್ ಹಟೋ’ ಎಂಬ ಸಮೂಹಗೀತೆಯೊಂದನ್ನು ಚಿತ್ರದೊಳಗೆ ಇಟ್ಟರು. ಹಿಂದೂಸ್ತಾನ ನಮ್ಮದು, ಪರಕೀಯರು ದೂರ ಸರಿಯಲಿ ಎಂಬುದು ಹಾಡಿನ ಹುರುಳು. ಆದರೆ ಕವಿ ಅದರಲ್ಲಿ ಜರ್ಮನಿ ಮತ್ತು ಜಪಾನುಗಳ ಹೆಸರನ್ನು ಜಾಣತನದಿಂದ ಸೇರಿಸಿದ್ದರು. ಬ್ರಿಟಿಷರ ಶತ್ರುಗಳನ್ನೇ ಬೈಯುವ ಹಾಡು ಎಂದು ಬಗೆದ ಸೆನ್ಸಾರ್ ಅಧಿಕಾರಿಗಳು ಅನುಮತಿ ನೀಡಿದರು. ಪ್ರೇಕ್ಷಕರು ಮೋಸಹೋಗಲಿಲ್ಲ. ಹಾಡು ಯಾರನ್ನು ಉದ್ದೇಶಿಸಿದ್ದೆಂಬುದು ಅಗ್ಗದ ದರದ ಬೆಂಚಿನ ಮೇಲೆ ಕುಳಿತವನಿಗೂ ಮೊದಲ ದಿನವೇ ತಿಳಿಯಿತು. ಕೆಲವೆಡೆ ಜನರ ಒತ್ತಾಯಕ್ಕೆ ರೀಲನ್ನು ಹಿಂದಕ್ಕೆ ಸುತ್ತಿ ಆ ಹಾಡನ್ನು ಮತ್ತೆ ಮತ್ತೆ ತೋರಿಸಿದರೆಂದು ಹೇಳುತ್ತಾರೆ. ಸರಕಾರ ಎಚ್ಚೆತ್ತಾಗ ಪ್ರದೀಪರು ಬಂಧನಕ್ಕೆ ಹೆದರಿ ತಲೆಮರೆಸಿಕೊಳ್ಳಬೇಕಾಯಿತಂತೆ.

ಆ ಹಾಡನ್ನು ಹಾಡಿದವರು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ. ಇಂದು ಕೇಳಿದರೂ ಅದರಲ್ಲಿ ಎದ್ದು ಕಾಣುವುದು ಕಂಠದ ಕಸುವು. ಸಾವಿರ ಜನರ ಗದ್ದಲದ ನಡುವೆ ಹಿಂದಿನ ಸಾಲಿನವರೆಗೆ ದನಿಯನ್ನು ಎಸೆಯುವ ಅಭ್ಯಾಸ ರಂಗಭೂಮಿಯಿಂದ ಬಂದದ್ದು. ಮೈಕ್ರೋಫೋನ್ ಮುಂದೆಯೂ ಅವರು ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ಅದೇ ಚಿತ್ರದಲ್ಲಿ ಮೋಡವನ್ನು ಮೆಲ್ಲಗೆ ಬಾ ಎಂದು ಬೇಡುವ ಲಾಲಿಯೊಂದಿದೆ. ಕೃಷ್ಣನಲ್ಲಿ ಮೊರೆಯಿಡುವ ಪದವಿದೆ. ದೀಪಾವಳಿಯ ಬೆಳಕಿನಲ್ಲಿ ತನ್ನ ಮನೆ ಮಾತ್ರ ಕತ್ತಲೆ ಎನ್ನುವ ಹಾಡಿದೆ. ರಣಗೀತೆಗೆ ಏರಿಸಿದ ಅದೇ ದನಿಯನ್ನು ಆ ಲಾಲಿಗಾಗಿ ಅವರು ಎಷ್ಟು ತಗ್ಗಿಸಿದ್ದಾರೆಂದರೆ ಎರಡೂ ಒಬ್ಬರದೇ ಎಂದು ಮೊದಲ ಸಲ ಕೇಳುವವರು ನಂಬುವುದು ಕಷ್ಟ. ಅನಿಲ್ ಬಿಸ್ವಾಸರ ದೊಡ್ಡತನ ಇಲ್ಲಿದೆ. ಹಾಡಿನ ಭಾವಕ್ಕೆ ತಕ್ಕಂತೆ ಕಂಠವನ್ನು ಬಗ್ಗಿಸುವುದನ್ನು ಅವರು ಗಾಯಕಿಗೆ ಕಲಿಸಿದರು. ಅವರ ತಂಗಿ ಪಾರುಲ್ ಘೋಷರೂ ಈ ಚಿತ್ರದಲ್ಲಿ ಹಾಡಿದ್ದರು. ಆದರೂ ನಾಯಕಿಯ ಹಾಡುಗಳ ಬಹುಪಾಲು ಬೀಳಗಿಯ ಕಂಠಕ್ಕೇ ಸಂದಿತು.

ಗೆಲುವನ್ನು ಅಳೆದ ಬಗೆ

ಯಾವ ಹಾಡು ಎಷ್ಟನೆಯ ಸ್ಥಾನದಲ್ಲಿದೆ ಎಂದು ವಾರವಾರವೂ ಹೇಳುವ ಪಟ್ಟಿ ಆಗ ಇರಲಿಲ್ಲ. ಅಮೀನ್ ಸಯಾನಿಯವರು ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಆರಂಭಿಸಿದ್ದು 1952ರ ಡಿಸೆಂಬರಿನಲ್ಲಿ. ಅದಕ್ಕೂ ಮುನ್ನ ಹಾಡಿನ ಗೆಲುವನ್ನು ಅಳೆಯುತ್ತಿದ್ದುದು ಚಿತ್ರ ಓಡಿದ ವಾರಗಳಿಂದ, ಮಾರಾಟವಾದ ತಟ್ಟೆಗಳಿಂದ ಹಾಗೂ ಮದುವೆಯ ವಾದ್ಯದವರಿಂದ. ಕೊನೆಯದು ತಮಾಷೆಯ ಮಾತಲ್ಲ. 1944ರ ‘ರತನ್’ ಚಿತ್ರದ ಸಂಗೀತ ನಿರ್ದೇಶಕ ನೌಷಾದರ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ನುಡಿಸಿದ್ದು ಅವರದೇ ಹಾಡುಗಳನ್ನು. ಆದರೆ ಮಾವನ ಮನೆಯವರಿಗೆ ವರ ದರ್ಜಿಯೆಂದು ಹೇಳಲಾಗಿತ್ತು. ಸಿನಿಮಾ ಸಂಗೀತದವನಿಗೆ ಯಾರು ಹೆಣ್ಣು ಕೊಡುತ್ತಾರೆ? ನೌಷಾದರೇ ಇದನ್ನು ಮುಂದೆ ನಗುತ್ತ ಹೇಳುತ್ತಿದ್ದರು. ಹಾಡಿಗೆ ಮನೆಯೊಳಗೆ ಪ್ರವೇಶ, ಹಾಡಿನವರಿಗೆ ಹೊಸ್ತಿಲಲ್ಲೇ ತಡೆ. ಗಂಡಸಿನ ಪಾಡೇ ಹೀಗಿದ್ದರೆ ಹಾಡುವ ಹೆಂಗಸಿನ ಪಾಡನ್ನು ಊಹಿಸಬಹುದು.

‘ರತನ್’ ಹಾಡುಗಳಲ್ಲಿ ಜೊಹರಾಬಾಯಿಯವರ ಪಾಲು ದೊಡ್ಡದು. ಆದರೂ ಅಗಲಿಕೆಯನ್ನು ಕುರಿತು ಅಮೀರ್‌ಬಾಯಿ ಹಾಡಿದ ಗೀತೆ ಅವಕ್ಕೆ ಸಾಟಿಯಾಗಿ ನಿಂತಿತು. ಈ ಚಿತ್ರದ ತಟ್ಟೆಗಳ ಮಾರಾಟದಿಂದ ಬಂದ ಗೌರವಧನವು ಚಿತ್ರ ತಯಾರಿಕೆಯ ವೆಚ್ಚವನ್ನೇ ಮೀರಿಸಿತೆಂದು ಉದ್ಯಮದಲ್ಲಿ ಮಾತಾಯಿತು. ಆ ಹಣದಲ್ಲಿ ಹಾಡಿದವರ ಪಾಲು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸರಳ. ಗಾಯಕರಿಗೆ ಸಲ್ಲುತ್ತಿದ್ದುದು ಧ್ವನಿಮುದ್ರಣದ ದಿನದ ಸಂಭಾವನೆಯಷ್ಟೇ. ತಟ್ಟೆ ಸಾವಿರ ಮಾರಲಿ, ಲಕ್ಷ ಮಾರಲಿ, ಅದು ನಿರ್ಮಾಪಕನದೂ ಕಂಪನಿಯದೂ ಲೆಕ್ಕ. ಗಾಯಕರಿಗೂ ಪಾಲು ಬೇಕೆಂಬ ಜಗಳ ಗಟ್ಟಿಯಾಗಿ ಎದ್ದದ್ದು 1960ರ ದಶಕದಲ್ಲಿ, ಲತಾ ಮಂಗೇಶ್ಕರರ ಬಾಯಿಂದ. ಅಮೀರ್‌ಬಾಯಿಯವರ ಪೀಳಿಗೆಗೆ ಆ ಮಾತನ್ನು ಎತ್ತುವ ಬಲವಿರಲಿಲ್ಲ. ಎಷ್ಟೋ ತಟ್ಟೆಗಳ ಮೇಲೆ ಗಾಯಕಿಯ ಹೆಸರಿನ ಬದಲು ಚಿತ್ರದಲ್ಲಿನ ಪಾತ್ರದ ಹೆಸರನ್ನೇ ಅಚ್ಚು ಮಾಡುವ ರೂಢಿಯೂ ಇತ್ತು. 1949ರ ‘ಮಹಲ್’ ಚಿತ್ರದ ಲತಾ ಹಾಡಿನ ತಟ್ಟೆಯ ಮೇಲೆಯೂ ಮೊದಲು ಇದ್ದದ್ದು ಕಾಮಿನಿ ಎಂಬ ಪಾತ್ರದ ಹೆಸರೇ.

ಅದೇ 1944ರಲ್ಲಿ ‘ಭರ್ತೃಹರಿ’ ಚಿತ್ರ ಬಂದಿತು. ಸನ್ಯಾಸಿಯಾದ ರಾಜ ಭರ್ತೃಹರಿ ತನ್ನದೇ ಅರಮನೆಯ ಬಾಗಿಲಲ್ಲಿ ನಿಂತು ರಾಣಿ ಪಿಂಗಳೆಯನ್ನು ತಾಯೆಂದು ಕರೆದು ಭಿಕ್ಷೆ ಬೇಡುವ ಸನ್ನಿವೇಶ. ಖೇಮಚಂದ್ ಪ್ರಕಾಶರ ಸಂಗೀತದಲ್ಲಿ ಸುರೇಂದ್ರ ಮತ್ತು ಅಮೀರ್‌ಬಾಯಿ ಹಾಡಿದ ಆ ಯುಗಳಗೀತೆಯು ಪ್ರಶ್ನೋತ್ತರದ ಕ್ರಮದಲ್ಲಿ ಸಾಗುತ್ತದೆ. ರಂಗಭೂಮಿಯ ಪದಗಳನ್ನು ಬಲ್ಲ ಉತ್ತರ ಕರ್ನಾಟಕದ ಕಿವಿಗೆ ಅದು ಅಪರಿಚಿತವೆನಿಸದು. ಎದುರಿನವನ ಸಾಲು ಮುಗಿಯುವ ಮೊದಲೇ ಅದರ ಕೊನೆಯ ಸ್ವರವನ್ನು ಹಿಡಿದು ಮೇಲೇಳುವ ಆ ಚಾಳಿ ಕಂಪನಿ ನಾಟಕದ್ದೇ. ನನ್ನ ಮಟ್ಟಿಗೆ ಅಮೀರ್‌ಬಾಯಿಯವರ ಶ್ರೇಷ್ಠ ಗಾಯನವಿರುವುದು ‘ಕಿಸ್ಮತ್’ನಲ್ಲಿ ಅಲ್ಲ, ಇಲ್ಲಿ.

1947 ಅವರ ಉಚ್ಛ್ರಾಯದ ವರ್ಷ. ‘ಸಿಂದೂರ್’ ಚಿತ್ರದ ಹಾಡುಗಳು ಮನೆಮಾತಾದವು. ಸಿ. ರಾಮಚಂದ್ರರ ಸಂಗೀತವಿದ್ದ ‘ಶೆಹನಾಯಿ’ ಬಿಡುಗಡೆಯಾದದ್ದು ಆ ವರ್ಷದ ಆಗಸ್ಟ್ 15ರಂದೇ. ಮರುವರ್ಷ ‘ಶಹನಾಜ್’ ಚಿತ್ರಕ್ಕೆ ಅವರು ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣೊಬ್ಬಳು ವಾದ್ಯವೃಂದದ ಮುಂದೆ ನಿಂತು ಸ್ವರ ಸಂಯೋಜಿಸುವುದು ಆಗ ಅಪರೂಪದಲ್ಲಿ ಅಪರೂಪ. ಜದ್ದನ್‌ಬಾಯಿ, ಬಾಂಬೆ ಟಾಕೀಸಿನ ಸರಸ್ವತಿ ದೇವಿ, ಹೀಗೆ ಎಣಿಸಿದರೆ ಒಂದು ಕೈಯ ಬೆರಳು ಸಾಕು. ಆ ಪಟ್ಟಿಯಲ್ಲಿ ಕನ್ನಡತಿಯೊಬ್ಬರಿದ್ದಾರೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಮರೆತಿವೆ. ಅವರು ಗುಜರಾತಿಯಲ್ಲಿಯೂ ಸರಾಗವಾಗಿ ಹಾಡಿದರು. ‘ರಾಣಕದೇವಿ’ ಚಿತ್ರದ ಅವರ ಹಾಡು ಗುಜರಾತಿನಲ್ಲಿ ಬಹಳ ಕಾಲ ಜನಪ್ರಿಯವಾಗಿತ್ತು. ತವರಿನವರು ಅವರನ್ನು ಕನ್ನಡ ಕೋಗಿಲೆ ಎಂದು ಕರೆದು ಸಂತೋಷಪಟ್ಟರು.

ಮನೆಯೊಳಗಿನ ಕತ್ತಲೆ

ಹೊರಗೆ ಇಷ್ಟೊಂದು ಬೆಳಕಿದ್ದರೂ ಮನೆಯೊಳಗೆ ಅಮೀರ್‌ಬಾಯಿ ಸುಖ ಕಂಡವರಲ್ಲ. ಅವರ ಮೊದಲ ಪತಿ ಹಿಮಾಲಯವಾಲಾ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ನಟ. ತೆರೆಯ ಮೇಲೆ ಖಳನ ಪಾತ್ರಗಳು ಅವರ ವೈಶಿಷ್ಟ್ಯ. ದಾಂಪತ್ಯ ಹಿಂಸೆಯ ಕಥೆಯಾಯಿತೆಂದು ಅಮೀರ್‌ಬಾಯಿಯವರ ಬದುಕನ್ನು ಬಲ್ಲವರೆಲ್ಲ ಬರೆದಿದ್ದಾರೆ. ದುಡಿದು ತರುತ್ತಿದ್ದವರು ಹೆಂಡತಿ. ದೇಶದ ಉದ್ದಗಲಕ್ಕೂ ಆಕೆಯ ದನಿ ಪರಕೀಯರನ್ನು ತೊಲಗೆನ್ನುತ್ತಿದ್ದಾಗ, ಆಕೆಗೆ ಸ್ವಂತ ಮನೆಯಲ್ಲಿ ಆ ಮಾತನ್ನು ಆಡಲಾಗುತ್ತಿರಲಿಲ್ಲ. ಗೆದ್ದ ಹಾಡಿನಿಂದ ಬಂದ ಹಣ ಆಕೆಯ ಕೈಯಲ್ಲಿ ಉಳಿಯುತ್ತಿರಲಿಲ್ಲ; ಕಂಪನಿ ಬಿಟ್ಟುಕೊಟ್ಟದ್ದನ್ನು ಗಂಡ ತೆಗೆದುಕೊಳ್ಳುತ್ತಿದ್ದ.

ಕೊನೆಗೆ ಆಕೆ ಆ ಬಂಧನದಿಂದ ಬಿಡಿಸಿಕೊಂಡರು. ಹಿಮಾಲಯವಾಲಾ ದೇಶವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ಹೆಸರು ಮಾಡಿದರು. 1958ರ ಅಲ್ಲಿನ ‘ಅನಾರ್ಕಲಿ’ ಚಿತ್ರದಲ್ಲಿ ಅಕ್ಬರನ ಪಾತ್ರ ಅವರದು. ಅಮೀರ್‌ಬಾಯಿ ಇಲ್ಲಿಯೇ ಉಳಿದರು. ‘ಪಾರಸ್’ ಎಂಬ ವಾರಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರೊಡನೆ ಆದ ಎರಡನೆಯ ಮದುವೆಯಲ್ಲಿ ಅವರಿಗೆ ನೆಮ್ಮದಿ ದೊರೆಯಿತು.

ಅಕ್ಕನ ಬಾಳಿನಲ್ಲಿಯೂ ಸಂಗೀತ ಒಂದು ಬಿರುಗಾಳಿಯನ್ನೇ ಎಬ್ಬಿಸಿತ್ತು. ಮರಾಠಿ ರಂಗಭೂಮಿಯ ಆರಾಧ್ಯಮೂರ್ತಿ ಬಾಲಗಂಧರ್ವರ ಗಾಯನಕ್ಕೆ ಮನಸೋತ ಗೋಹರ್‌ಬಾಯಿ 1930ರ ದಶಕದ ಕೊನೆಯಲ್ಲಿ ಅವರ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನು ಮರುಳುಮಾಡಿದ್ದ ನಟನ ರಂಗದ ಮೇಲೆ, ಅದೇ ಶೈಲಿಯಲ್ಲಿ ಹಾಡಬಲ್ಲ ನಿಜವಾದ ಸ್ತ್ರೀಯೊಬ್ಬಳು ಬಂದು ನಿಂತಳು. ಅಭಿಮಾನಿಗಳಿಗೆ ಇದು ಸಹನೆಯಾಗಲಿಲ್ಲ. ಹೊರಗಿನವಳು, ಮುಸ್ಲಿಂ, ಹಾಡುವ ಹೆಂಗಸು. ದೂಷಿಸಲು ಇಷ್ಟು ಸಾಕಾಯಿತು. ಗಂಧರ್ವರ ಕೊನೆಗಾಲದ ಬಡತನಕ್ಕೂ ಗೋಹರ್ ಅವರನ್ನೇ ಹೊಣೆಗಾರರನ್ನಾಗಿ ಮಾಡಿದವರುಂಟು. ಲೆಕ್ಕ ನೋಡಿದರೆ ಮಂಡಳಿಯ ಸಾಲ ಆಕೆ ಬರುವುದಕ್ಕೆ ಎಷ್ಟೋ ಮುಂಚಿನದು. ವೈಭವದ ರಂಗಸಜ್ಜಿಕೆಗೂ ಅತ್ತರಿಗೂ ಪೀತಾಂಬರಕ್ಕೂ ಸುರಿದ ಹಣದ್ದು. ವಾಕ್ಚಿತ್ರ ಬಂದ ಮೇಲೆ ಗಳಿಕೆಯೂ ಕುಸಿದಿತ್ತು. ಕಾಲು ಸ್ವಾಧೀನ ತಪ್ಪಿದ ಬಾಲಗಂಧರ್ವರ ಶುಶ್ರೂಷೆಯಲ್ಲಿ ಆಕೆ ತನ್ನ ಉಳಿದ ಆಯುಷ್ಯವನ್ನು ಕಳೆದು 1964ರಲ್ಲಿ ತೀರಿಕೊಂಡರು. ಗಂಧರ್ವರು 1967ರವರೆಗೆ ಬದುಕಿದ್ದರು.

ಹೊಸ ಕಂಠ, ಹೊಸ ಕಾಲ

1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಬಂದವು. ಲತಾ ಮಂಗೇಶ್ಕರರ ಎಳೆಯಾದ, ತಿಳಿಯಾದ ಕಂಠ ದೇಶವನ್ನು ಆವರಿಸಿತು. ಜೊಹರಾಬಾಯಿ, ರಾಜಕುಮಾರಿ, ಅಮೀರ್‌ಬಾಯಿ, ಒಂದೇ ವೇಳೆಗೆ ಮೂವರೂ ಬದಿಗೆ ಸರಿದರು. ನೂರ್ ಜಹಾನ್ ಅದಾಗಲೇ ಗಡಿಯಾಚೆಗೆ ಹೋಗಿದ್ದರು. ಇದನ್ನು ಒಬ್ಬರು ಇನ್ನೊಬ್ಬರನ್ನು ತುಳಿದ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೈಕ್ರೋಫೋನ್ ಸುಧಾರಿಸಿತ್ತು. ದೂರಕ್ಕೆ ದನಿ ಎಸೆಯುವ ಅಗತ್ಯ ಅಳಿದು, ಪಿಸುಮಾತೂ ಕೇಳಿಸುವ ಕಾಲ ಬಂದಿತ್ತು. ಸ್ವತಂತ್ರ ಭಾರತದ ಚಿತ್ರಗಳು ಕಟ್ಟಿಕೊಟ್ಟ ನಾಯಕಿ ಹದಿನೆಂಟರ ಮುಗ್ಧೆ. ಬೈಠಕ್ಕಿನ, ರಂಗದ, ಬದುಕಿನ ಏಟು ತಿಂದ ಗಡುಸು ದನಿ ಅವಳಿಗೆ ಹೊಂದುತ್ತಿರಲಿಲ್ಲ.

ಹೊಸದೂ ಹಳೆಯದೂ ಒಂದೇ ಮೈಕಿನ ಮುಂದೆ ನಿಂತ ಗಳಿಗೆಯೊಂದು ಮಾತ್ರ ನಮಗೆ ದಕ್ಕಿದೆ. 1950ರಲ್ಲಿ ರಮೇಶ್ ಸೆಹಗಲ್ ನಿರ್ದೇಶಿಸಿದ, ಆಜಾದ್ ಹಿಂದ್ ಫೌಜಿನ ಹಿನ್ನೆಲೆಯ ‘ಸಮಾಧಿ’ ಚಿತ್ರಕ್ಕಾಗಿ ಸಿ. ರಾಮಚಂದ್ರರು ಪಾಶ್ಚಾತ್ಯ ಧಾಟಿಯ ‘ಗೋರೆ ಗೋರೆ’ ಎಂಬ ಕುಣಿತದ ಹಾಡನ್ನು ಮಾಡಿದರು. ಎಡ್ಮುಂಡೋ ರೋಸ್ ಎಂಬ ಲಂಡನ್ನಿನ ವಾದ್ಯವೃಂದ ನಾಯಕನ ಲ್ಯಾಟಿನ್ ಅಮೆರಿಕನ್ ಹಾಡೊಂದು ಅದಕ್ಕೆ ಪ್ರೇರಣೆ. ನಳಿನಿ ಜಯವಂತರಿಗೆ ಲತಾ, ಕುಲದೀಪ್ ಕೌರ್‌ಗೆ ಅಮೀರ್‌ಬಾಯಿ ಹಾಡಿದರು. ಚಿತ್ರ ಆ ವರ್ಷದ ಅತ್ಯಂತ ಯಶಸ್ವಿ ಚಿತ್ರಗಳಲ್ಲಿ ಒಂದಾಯಿತು. ಹಾಡು ಇಂದಿಗೂ ಮದುವೆ ಮನೆಗಳಲ್ಲಿ ಕೇಳಿಬರುತ್ತದೆ. ಭರ್ತೃಹರಿಯ ಪಿಂಗಳೆಯಾಗಿ ಅಳಿಸಿದ ಗಾಯಕಿ ಅಲ್ಲಿ ವಿದೇಶೀ ತಾಳಕ್ಕೆ ತುಂಟತನದಿಂದ ಹೆಜ್ಜೆ ಹಾಕುವುದನ್ನು ಗಮನಿಸಿ ಕೇಳಬೇಕು. ಎರಡು ದನಿಗಳಲ್ಲಿ ತುಸು ದಪ್ಪನೆಯದು, ಸಾಲಿನ ಕೊನೆಯಲ್ಲಿ ಕೊಂಚ ಭಾರವಾಗಿ ಇಳಿಯುವುದು ಬೀಳಗಿಯದು. ಕೇಳಿ ಕುಣಿಯುವವರಲ್ಲಿ ಬಹುಮಂದಿ ಎರಡನ್ನೂ ಲತಾ ಎಂದೇ ತಿಳಿದಿದ್ದಾರೆ.

ಕೇಂದ್ರ ಸಚಿವ ಬಿ.ವಿ. ಕೇಸ್ಕರರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ಹೊರಗಿಟ್ಟದ್ದು 1952ರಲ್ಲಿ. ಕೇಳುಗರು ಸಿಲೋನಿನತ್ತ ಮುಳ್ಳು ತಿರುಗಿಸಿದರು, ಗೀತಮಾಲಾ ಹುಟ್ಟಿತು, ಹಾಡುಗಳಿಗೆ ಸ್ಥಾನಗಳು ಬಂದವು. ಆ ಎಣಿಕೆ ಆರಂಭವಾಗುವ ಹೊತ್ತಿಗೆ ಅಮೀರ್‌ಬಾಯಿಯವರ ಸರದಿ ಮುಗಿದಿತ್ತು. ಪಟ್ಟಿಗಳನ್ನು ನೋಡಿ ಹಳೆಯ ಹಾಡುಗಳ ಚರಿತ್ರೆ ಬರೆಯುವವರ ಕಣ್ಣಿಗೆ ಅವರು ಬೀಳದಿರಲು ಇದೂ ಒಂದು ಕಾರಣ. 1950ರ ದಶಕದಲ್ಲಿ ಅವರು ಮತ್ತೆ ನಟನೆಗೆ ಮರಳಿ ತಾಯಿ, ಅತ್ತೆ, ನೆರೆಮನೆಯಾಕೆಯಂಥ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಇನ್ನೊಬ್ಬರ ತುಟಿಗೆ ದನಿಯಾಗಿದ್ದವರು ಈಗ ತೆರೆಯ ಮೇಲೆ ದೇಹವಾಗಿ ಬಂದು, ಹಾಡದೆ ಹೋಗುತ್ತಿದ್ದರು.

ಗಳಿಸಿದ್ದರಲ್ಲಿ ಒಂದಿಷ್ಟನ್ನು ಅವರು ತಮ್ಮ ಸೀಮೆಗೆ ತಂದರು. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ತಲೆಯೆತ್ತಿತು. ಊರವರಿಗೆ ಅದು ಸಿನಿಮಾ ನೋಡುವ ಜಾಗ. ಹೆಸರಿನ ಹಿಂದಿನ ಹೆಂಗಸು ಯಾರೆಂಬುದು ತಲೆಮಾರು ಕಳೆದಂತೆ ಮಾಸುತ್ತ ಬಂತು. ಲೇಖಕ ರಹಮತ್ ತರೀಕೆರೆಯವರು ಹಳ್ಳಿ, ಮುಂಬಯಿ, ಹಳೆಯ ತಟ್ಟೆಗಳ ಸಂಗ್ರಾಹಕರ ಮನೆಗಳೆಂದು ಅಲೆದು ಕನ್ನಡದಲ್ಲಿ ಆಕೆಯ ಜೀವನ ಚರಿತ್ರೆಯನ್ನು ಕಟ್ಟಿಕೊಟ್ಟ ಮೇಲೆ ಹೊಸ ಓದುಗರಿಗೆ ಆ ಹೆಸರು ಮತ್ತೆ ಪರಿಚಯವಾಯಿತು.

ಅಕ್ಕ ತೀರಿಕೊಂಡ ಮರುವರ್ಷ ಅಮೀರ್‌ಬಾಯಿ ಪಾರ್ಶ್ವವಾಯುವಿಗೆ ತುತ್ತಾದರು. ಹಾಸಿಗೆ ಹಿಡಿದದ್ದು ನಾಲ್ಕೇ ದಿನ. 1965ರ ಮಾರ್ಚ್ 3ರಂದು ಅವರು ನಿಧನರಾದರು. ಅವರನ್ನು ಮುಂಬಯಿಯಲ್ಲಿ ಅಲ್ಲ, ವಿಜಾಪುರದ ಮಣ್ಣಿನಲ್ಲಿ ದಫನ ಮಾಡಲಾಯಿತು.